ಏಳೂವರೆಯ ನೋಟೀಸು

"ಲೇ ಉಚ್ಚೆಂಗಿ, ಗಾಜಿನ್ಯಾಗ ನಿನ್ನ ಮಾರಿ ಬರಾಕತ್ತೈತಿ. ಅತ್ಲಾಗ ಸರಿಯಲೇ! ತಪಾಸಣಿ ಕಮಿಟಿಯೋರು ನಿನ್ನ ಮಾರಿ ನೋಡಾಕ ಬರ್ತಾರೇನು?"

ಗಣಿತ ವಿಭಾಗದ ಮುಖ್ಯಸ್ಥ ದೊಡ್ಡಬಸವರಾಜ ಮೆಟ್ಟಿಲ ಮೇಲೆ ನಿಂತು ಕೂಗಿದ. ಉಚ್ಚೆಂಗೆಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ನೋಟೀಸ್ ಬೋರ್ಡಿನತ್ತ ಮತ್ತೆ ಫೋನು ಎತ್ತಿದ. ಬೆಳಗಿನ ಏಳೂವರೆ. ಬಾದನಹಟ್ಟಿಯಿಂದ ಮೊದಲ ಬಸ್ಸು ಹಿಡಿದು ಬಳ್ಳಾರಿಗೆ ಬಂದು, ವಿಶ್ವವಿದ್ಯಾಲಯದ ಗೇಟಿನಿಂದ ವಿಭಾಗದವರೆಗೆ ನಡೆದು, ನಾಲ್ಕು ಕೋಣೆಗಳ ಕಸ ಹೊಡೆದು, ಕರಿಹಲಗೆ ಒರೆಸಿ ಆಗಿತ್ತು. ದಿನವೂ ಈ ಹೊತ್ತಿಗೆ ಮುಖ್ಯಸ್ಥನ ಫೋನು ಬರುತ್ತಿತ್ತು. ನಾಳೆ ರಾಷ್ಟ್ರೀಯ ವಿಚಾರ ಸಂಕಿರಣ ಇದ್ದುದರಿಂದ ಇವತ್ತು ಆಸಾಮಿಯೇ ಬಂದು ನಿಂತಿದ್ದ.

ಕೆಲಸ ಬಹಳ ಸಣ್ಣದು. ಗಾಜಿನ ಬಾಗಿಲಿನ ಕೀಲಿ ತೆಗೆಯಬೇಕು. ಕೊಟ್ಟ ಹಾಳೆಗೆ ನಾಲ್ಕು ಪಿನ್ನು ಚುಚ್ಚಬೇಕು. ಬಾಗಿಲು ಹಾಕಿ ಫೋಟೊ ಹೊಡೆಯಬೇಕು. ಫೋಟೊದ ಕೆಳಗೆ ತಾರೀಖು, ಗಳಿಗೆ, ಜಾಗ ಎಲ್ಲ ತಾನೇ ಮೂಡುವ ಆ್ಯಪನ್ನು ಸಾಹೇಬನೇ ಅವನ ಫೋನಿಗೆ ಹಾಕಿಸಿದ್ದ. ಫೋಟೊ ಕಳಿಸಿದ ಮೇಲೆ ಹಾಳೆ ಕಿತ್ತು ಬೀರುವಿನ ಫೈಲಿಗೆ ಸೇರಿಸಬೇಕು. ಹತ್ತಕ್ಕೆ ಹುಡುಗರು ಬರುವಷ್ಟರಲ್ಲಿ ಬೋರ್ಡಿನಲ್ಲಿ ಪರೀಕ್ಷೆ ಫೀಜಿನ ಹಾಳೆ, ಹಾಸ್ಟೆಲ್ ಗೇಟು ಹಾಕುವ ವೇಳೆಯ ಹಾಳೆ, ಎರಡೇ ಉಳಿದಿರುತ್ತಿದ್ದವು.

ನಾಲ್ಕು ವರ್ಷದಿಂದ ಉಚ್ಚೆಂಗೆಪ್ಪ ಇದನ್ನು ಒಂದು ದಿನವೂ ತಪ್ಪದೆ ಮಾಡಿದ್ದ. ಫೈಲಿಗೆ ಬೇಕು ಅಂದಿದ್ದರು, ಬೇಕು ಅಂದುಕೊಂಡಿದ್ದ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಇಂಗ್ಲಿಷ್ ಹಾಳೆ ಏನು ಹೇಳೀತು? ಹಿಂದೊಮ್ಮೆ ಪರಿಸರ ದಿನಕ್ಕೆ ಬೇವಿನ ಸಸಿ ಹಿಡಿದು ನಿಂತಿದ್ದ. ದೊಡ್ಡವರು ನೀರು ಹಾಕುವ ಫೋಟೊ ಆದ ಮೇಲೆ ಸಸಿ ವಾಪಸು ನರ್ಸರಿಗೆ ಹೋಗಿತ್ತು. ಇದೂ ಅಂಥದ್ದೇ ಒಂದು ಸರ್ಕಾರಿ ಶಾಸ್ತ್ರ ಎಂದು ತಿಳಿದಿದ್ದ.

"ಬಂತು, ಚಲೋ ಬಂದೈತಿ. ಕಿತ್ತು ಒಳಗಿಡು. ಆಮ್ಯಾಲೆ ಸೆಮಿನಾರ್ ಹಾಲಿನ ಕುರ್ಚಿ ಒರಸು. ದೀಪದ ಕಂಬ ಮಾತ್ರ ಮುಟ್ಟಬ್ಯಾಡ. ಅದನ್ನ ಜವಾನ ಎರ್ರಿಸ್ವಾಮಿ ತೊಳೀತಾನ."

"ಆಗಲಿ ಸರ್."

"ಯಾಕ ಅಂತ ಕೇಳಲಿಲ್ಲ ನೋಡು. ಅದಾ ನಿನ್ನ ಒಳ್ಳೆ ಗುಣ."

ಉಚ್ಚೆಂಗೆಪ್ಪ ಪಿನ್ನು ಕಿತ್ತು ಅಂಗೈಯಲ್ಲಿ ಹಿಡಿದುಕೊಂಡ. ಅವನಿಗೂ ಸಿಟ್ಟು ಬರುತ್ತಿತ್ತು. ಹೊರಗುತ್ತಿಗೆಯ ಆಳಿಗೆ ಸಿಟ್ಟು ಬಂದರೆ ಅದನ್ನು ಬಸ್ಸಿನಲ್ಲಿ ಕೂತು ಕಿಟಕಿಯಾಚೆ ಉಗುಳಬೇಕು, ಅಷ್ಟೆ.

ಅವತ್ತು ಸಂಜೆ ಮನೆಯ ಮುಂದೆ ಹೆಂಡತಿ ಯಂಕಮ್ಮ ಮೆಣಸಿನಕಾಯಿ ಬಿಡಿಸಿ ಬಂದ ಕೈಗಳಿಗೆ ಮಜ್ಜಿಗೆ ಸವರಿಕೊಂಡು ಉರಿ ಆರಿಸಿಕೊಳ್ಳುತ್ತಿದ್ದಳು. ಮಗಳು ನಂದಿನಿ ಅದೇ ವಿಭಾಗದಲ್ಲಿ ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಳು. ಅವಳ ಫೋನಿನ ಪರದೆ ಒಡೆದು ತಿಂಗಳಾಗಿತ್ತು. ಏನೋ ನೋಡಬೇಕೆಂದು ಅಪ್ಪನ ಫೋನು ತೆಗೆದುಕೊಂಡವಳ ಕಣ್ಣು ನೋಟೀಸಿನ ಫೋಟೊಗಳ ಮೇಲೆ ಬಿತ್ತು. ಒಂದೊಂದೇ ಫೋಟೊ ಸರಿಸಿ ಓದಿದಳು.

"ಅಪ್ಪಾ, ಇವೆಲ್ಲ ಬೋರ್ಡಿಗೆ ಯಾವಾಗ ಹಚ್ಚಿದ್ರು?"

"ನಾನಾ ಹಚ್ತೀನಲ್ಲವ್ವ, ಮುಂಜಾನಿ. ಫೋಟೊ ಹೊಡದು ಕೀಳ್ತೀನಿ. ಫೈಲಿಗೆ ಬೇಕಂತ."

"ನಾವು ಬರೋದ್ರಾಗ ಕೀಳ್ತಿ?"

"ಹೂಂ ಮತ್ತ."

ನಂದಿನಿ ಫೋನನ್ನು ಅವನ ಮುಖದ ಮುಂದೆ ಹಿಡಿದಳು.

"ಇದು ಸ್ಕಾಲರ್‌ಶಿಪ್ಪು. ಇದು ಧಾರವಾಡದಾಗಿನ ಕಾರ್ಯಾಗಾರ. ಇದು ಬೇಸಿಗಿ ತರಬೇತಿ, ಹೋದ ವರ್ಷದ್ದು. ದೇಶದಾಗಿನ ದೊಡ್ಡ ದೊಡ್ಡ ಗಣಿತದ ಮಾಸ್ತರು ಒಂದು ತಿಂಗಳು ಕುಂದ್ರಿಸಿ ಕಲಿಸ್ತಾರ. ಅಲ್ಲಿ ಹೋಗಿಬಂದೋರಿಗೆ ಸಂಶೋಧನಾಕ್ಕ ಬಾಗಿಲು ತಗೀತೈತಿ. ಹೋದ ವರ್ಷ ನಿನ್ನ ದಿನಾ ಕೇಳಿದ್ನಿ, ನಾ ಮನಿಗೆ ಬಂದ ಮ್ಯಾಲೆ ಬೋರ್ಡಿಗೆ ಏನಾರ ಬಂತೇನಪ್ಪ ಅಂತ. ಏನಂದಿ?"

"ಏನೂ ಇಲ್ಲವ್ವ ಅಂದಿದ್ನಿ." ಅವನ ದನಿ ಇಳಿಯಿತು. ಅವನು ಸುಳ್ಳು ಹೇಳಿರಲಿಲ್ಲ. ದಿನಾ ಸಂಜೆ ಬೋರ್ಡು ನೋಡಿಯೇ ಹೇಳಿದ್ದ; ಮುಂಜಾನೆ ತಾನು ಕಿತ್ತದ್ದು ಬರೀ ಫೈಲಿನ ಹಾಳೆ ಎಂದುಕೊಂಡಿದ್ದ.

"ಸಾಹೇಬನ ಅಣ್ಣನ ಮಗಳು ಚೈತ್ರಾ ಹೋಗಿಬಂದ್ಲು. ನನಗಿಂತ ಕಡಿಮಿ ಮಾರ್ಕ್ಸು. ಈಗ ಪಿಎಚ್.ಡಿ. ಮಾಡಾಕತ್ಯಾಳ."

ಯಂಕಮ್ಮ ಮಜ್ಜಿಗೆಯ ಬಟ್ಟಲನ್ನು ನೆಲಕ್ಕೆ ಕುಕ್ಕಿದಳು. "ಅವನ ಬಾಯಾಗ ಮಣ್ಣು ಬೀಳ್ಲಿ, ಹಾಟ್ಗಳ್ಳ! ನಮ್ಮ ಮಗಳ ಬಾಯಿಗೆ ಬರೋ ತುತ್ತು ನಿನ್ನ ಕೈಲೇ ಕಸಿಸ್ಯಾನಲ್ಲೋ. ನೀನರ ಯಾತಕ್ಕ ಅಂತ ಒಂದು ಮಾತು ಕೇಳಬಾರದಾ?"

ಉಚ್ಚೆಂಗೆಪ್ಪನಿಗೆ ತನ್ನ ಕೈಗಳ ಮೇಲೆಯೇ ಹೇಸಿಕೆ ಬಂತು. ಒಂದು ಬೆಳಿಗ್ಗೆ ಪಿನ್ನು ಕೀಳುವುದು ತಡವಾಗಿದ್ದರೆ, ಒಂದೇ ಒಂದು ಬೆಳಿಗ್ಗೆ ಬಸ್ಸು ಕೆಟ್ಟು ನಿಂತಿದ್ದರೆ, ಮಗಳು ಅದನ್ನು ನೋಡುತ್ತಿದ್ದಳು. ಅವನು ಮಾತ್ರ ನಾಲ್ಕು ವರ್ಷದಲ್ಲಿ ಒಂದು ದಿನವೂ ತಡಮಾಡಿರಲಿಲ್ಲ.

"ಇವತ್ತು ಮುಂಜಾನಿ ಹೊಡದಿದ್ದೂ ಅದಾ ಐತಿ," ಎಂದಳು ನಂದಿನಿ. "ಈ ವರ್ಷದ್ದು. ಕಡೀ ದಿನ ನಾಳಿ, ಸಂಜಿ ಐದಕ್ಕ. ಫಾರ್ಮಿಗೆ ಮುಖ್ಯಸ್ಥರ ಸಹಿ, ಸೀಲು ಬೇಕು. ನನಗ ಇದಾ ಕೊನೀ ವರ್ಷ. ಇದು ತಪ್ಪಿದ್ರ ಮುಗೀತು."

ಮರುದಿನ ಸಂಕಿರಣಕ್ಕೆ ಇನ್ನೂ ಒಂದು ತಾಸು ಇರುವಾಗ ನಂದಿನಿ ಫಾರ್ಮು ಹಿಡಿದು ಮುಖ್ಯಸ್ಥನ ಕೋಣೆಗೆ ಹೋದಳು. ಚಹಾದ ಟ್ರೇ ಹಿಡಿದ ಉಚ್ಚೆಂಗೆಪ್ಪ ಬಾಗಿಲಲ್ಲೇ ಇದ್ದ.

ದೊಡ್ಡಬಸವರಾಜ ಫಾರ್ಮನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. "ಯಾರು ಹೇಳಿದ್ರು ನಿನಗಿದು?" ಎಂದವನು ಬಾಗಿಲ ಕಡೆ ತಿರುಗಿದ. "ಓಹೋ, ಅಪ್ಪನ ಫೋನಿನ್ಯಾಗ ನೋಡಿದ್ಯಾ? ಆಫೀಸಿನ ಗುಟ್ಟು ಮನಿಗೆ ಒಯ್ತಾನೇನು ಅವನು?"

"ಬೋರ್ಡಿಗೆ ಹಚ್ಚಿದ್ದು ಗುಟ್ಟು ಹೆಂಗಾಕ್ಕೈತಿ ಸರ್?"

"ಬಾಯಿ ಬಂತು ನೋಡು ಕೇರಿಗೆ! ಹಚ್ಚೀವಿ, ಫೋಟೊ ಐತಿ. ನೀನು ನೋಡಲಿಲ್ಲ ಅಂದ್ರ ನಿನ್ನ ತಪ್ಪು. ನಮ್ಮ ವಿಭಾಗದಿಂದ ಇಬ್ಬರ ಹೆಸರು ಹೋಗ್ಯಾವು, ಸಾಕು."

"ಇಷ್ಟಾ ಮಂದಿ ಅಂತ ಅದರಾಗ ಬರದಿಲ್ಲ ಸರ್. ಹೋದ ಸೆಮಿಸ್ಟರಿಗೆ ಮೊದಲು ಬಂದಾಕಿ ನಾನಾ."

"ಪೇಪರ್ ತಿದ್ದಿದೋರು ಕರುಣಿ ತೋರ್ಸ್ಯಾರ, ತೋರ್ಸಲಿ. ಅಲ್ಲಿ ಹೋಗಿ ಇಂಗ್ಲಿಷ್ ಬರದ ಬೆಬ್ಬೆಬ್ಬೆ ಅಂದು ನನ್ನ ಮಾನ ಕಳೀಬ್ಯಾಡ." ಫಾರ್ಮು ಮೇಜಿನ ಮೇಲಿಂದ ಜಾರಿ ಕೆಳಗೆ ಬಿತ್ತು. ಅವನು ಎತ್ತಿಕೊಡಲಿಲ್ಲ. "ಇವತ್ತು ಅತಿಥಿಗಳಿಗೆ ಹೂ ಕೊಡೋರು ಬ್ಯಾರೆ ಅದಾರ. ನೀನು ಊಟದ ಹಾಲಿನ್ಯಾಗ ಎಲಿ ಎತ್ತಾಕ ನಿಂದ್ರು. ಹೆಚ್ಚು ಮಾತಾಡಿದ್ಯೋ, ಏಜೆನ್ಸಿಗೆ ಒಂದು ಫೋನು ಸಾಕು, ನಾಳಿಂದ ನಿಮ್ಮಪ್ಪ ಮನ್ಯಾಗ ಕುಂದ್ರತಾನ."

ನಂದಿನಿ ಬಗ್ಗಿ ಫಾರ್ಮು ಎತ್ತಿಕೊಂಡಳು. ಹೊರಗೆ ಬರುವಾಗ ಅಪ್ಪನನ್ನು ನೋಡಿದಳು. ಅವನು ಟ್ರೇ ನೋಡುತ್ತಿದ್ದ. ಒಳಗೆ ಹೋಗಿ ಸಾಹೇಬನಿಗೆ ಚಹಾ ಕೊಟ್ಟ. ಸಕ್ಕರೆ ಕಡಿಮೆ ಎಂದು ಬೈಸಿಕೊಂಡ.

ಸಂಕಿರಣ ಶುರುವಾಯಿತು. ದೀಪ ಹಚ್ಚಿದರು, ಶಾಲು ಹೊದಿಸಿದರು. ಅನಂತಪುರದ ಕಡೆಯಿಂದ ಬಂದ ಅತಿಥಿ ಪ್ರೊಫೆಸರಮ್ಮ ಮುಂದಿನ ಸೋಫಾದಲ್ಲಿ ಕೂತಿದ್ದಳು. ಉಚ್ಚೆಂಗೆಪ್ಪ ನೀರಿನ ಬಾಟಲಿ ಹಿಡಿದು ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದ. ದೊಡ್ಡಬಸವರಾಜ ಮೈಕು ಸರಿಮಾಡಿಕೊಂಡು, ವೇದಿಕೆಗೆಂದೇ ಇಟ್ಟುಕೊಂಡ ಕನ್ನಡದಲ್ಲಿ ಮಾತು ತೆಗೆದ.

"ನಮ್ಮ ವಿಭಾಗಕ್ಕೆ ಯಾವ ಅವಕಾಶ ಬಂದರೂ ಅಂದೇ ಸೂಚನಾ ಫಲಕಕ್ಕೆ ಹಾಕುತ್ತೇವೆ. ದಾಖಲೆ ನೋಡಿ." ಪರದೆಯ ಮೇಲೆ ಒಂದರ ಹಿಂದೆ ಒಂದು ಫೋಟೊ ಬಂದವು. ಕೆಳಗೆ ತಾರೀಖು, ಗಳಿಗೆ, ಜಾಗ. "ಆದರೆ ಏನು ಮಾಡೋಣ, ಕೆಲವು ಸಮುದಾಯದ ಮಕ್ಕಳಿಗೆ ಆಸಕ್ತಿಯೇ ಇಲ್ಲ. ತಂದೆತಾಯಿಗಳಿಗೂ ತಿಳಿವಳಿಕೆ ಇಲ್ಲ."

ಹಾಲು ತುಂಬ ಚಪ್ಪಾಳೆ ಬಿತ್ತು. ಪ್ರೊಫೆಸರಮ್ಮ ಪಾಪ ಎಂಬಂತೆ ತಲೆಯಾಡಿಸಿದಳು. ಪರದೆಯಲ್ಲಿ ಕಂಡ ಒಂದೊಂದು ಪಿನ್ನೂ ಉಚ್ಚೆಂಗೆಪ್ಪ ಚುಚ್ಚಿದ್ದು. ಒಂದು ಫೋಟೊದಲ್ಲಿ ಗಾಜಿನ ಮೂಲೆಗೆ ಅವನ ಅರ್ಧ ಮುಖವೂ ಮೂಡಿತ್ತು. ಇಷ್ಟು ದಿನ ಬಸ್ಸಿನ ಕಿಟಕಿಯಾಚೆ ಉಗುಳಿದ್ದೆಲ್ಲ ಒಟ್ಟಿಗೆ ಬಾಯಿಗೆ ಬಂದ ಹಾಗಾಯಿತು. ಬಾಟಲಿಗಳನ್ನು ಅಲ್ಲೇ ಕುರ್ಚಿಯ ಮೇಲೆ ಇಟ್ಟು ಕೆಳಗಿಳಿದ. ಬೀರು ತೆಗೆದು, ಫೈಲಿನಿಂದ ನಿನ್ನೆಯ ಹಾಳೆ ಎಳೆದುಕೊಂಡು, ಬೋರ್ಡಿನ ಮಧ್ಯಕ್ಕೆ ನಾಲ್ಕರ ಜಾಗದಲ್ಲಿ ಎಂಟು ಪಿನ್ನು ಚುಚ್ಚಿ ಕೀಲಿ ಹಾಕಿದ. ಈ ಸಲ ಫೋಟೊ ಹೊಡೆಯಲಿಲ್ಲ.

ಹನ್ನೊಂದೂವರೆಗೆ ಚಹಾದ ಬಿಡುವು. ಮೊದಲು ಇಳಿದು ಬಂದವನು ನಂದಿನಿಯ ಸಹಪಾಠಿ, ಸಿರುಗುಪ್ಪದ ಕಡೆ ಕೆಂಚನಗುಡ್ಡದ ಹೊನ್ನೂರಸ್ವಾಮಿ. ಓದಿದವನೇ ಕೂಗಿಕೊಂಡ.

"ಲೇ, ಬರ್ರಲೇ ಇಲ್ಲಿ! ಬೇಸಿಗಿ ತರಬೇತಿದು! ಇವತ್ತಾ ಕಡೀ ದಿನ ಐತಿ!"

ಹುಡುಗ ಹುಡುಗಿಯರು ಮುತ್ತಿಕೊಂಡರು. ಫೋನುಗಳು ಮೇಲೆದ್ದವು. ಇಬ್ಬರು ಗೇಟಿನ ಝೆರಾಕ್ಸ್ ಅಂಗಡಿಗೆ ಓಡಿದರು. ಅವರು ಫಾರ್ಮಿನ ಕಟ್ಟು ಹಿಡಿದು ಏದುಸಿರು ಬಿಡುತ್ತ ಮರಳುವ ಹೊತ್ತಿಗೆ ದೊಡ್ಡಬಸವರಾಜ ಅತಿಥಿಯ ಜೊತೆ ಮೆಟ್ಟಿಲಿಳಿದು ಬಂದ. ಗುಂಪು ನೋಡಿದ, ಹಾಳೆ ನೋಡಿದ. ಮುಖದ ನಗು ಹಾಗೇ ಇಟ್ಟುಕೊಂಡು ಹಲ್ಲು ಕಚ್ಚಿ ಕೇಳಿದ.

"ಯಾರು ಹಚ್ಚಿದ್ದಿದು?"

"ನಾನಾ ಸರ್," ಎಂದ ಬೋರ್ಡಿನ ಪಕ್ಕ ನಿಂತಿದ್ದ ಉಚ್ಚೆಂಗೆಪ್ಪ.

"ಹಳೇದದು. ಕಿತ್ತು ಒಗಿ."

"ಹಳೇದಲ್ಲ ಸರ್. ತಾರೀಖು ಇವತ್ತಿಂದೈತಿ. ಮಗಳು ಓದಿ ಹೇಳ್ಯಾಳ."

"ಕೀಲಿ ಕೊಡಲೇ."

"ಕೊಡಂಗಿಲ್ರಿ. ಬೇಕಾದ್ರ ಫೋಟೊ ಹೊಡಕೊಳ್ರಿ. ಕೀಳಂಗಿಲ್ಲ."

ದೊಡ್ಡಬಸವರಾಜನಿಗೆ ಅತಿಥಿಯೂ ಮರೆತುಹೋದಳು, ವೇದಿಕೆಯ ಕನ್ನಡವೂ ಮರೆತುಹೋಯಿತು. "ಬೋಳಿಮಗನ, ನಮ್ಮ ಅನ್ನ ತಿಂದು ನನಗಾ ಎದುರಾಡ್ತೀ? ನಿನ್ನ ಚರ್ಮ ಸುಲಿದು ಕೇರಿಗೆ ಕಳಸ್ತೀನಿ!" ಎತ್ತಿದ ಕೈ ಇಪ್ಪತ್ತು ಫೋನುಗಳನ್ನು ಕಂಡು ಗಾಳಿಯಲ್ಲೇ ನಿಂತಿತು. ಅದೇ ಕೈಯನ್ನು ಗಾಜಿನ ಬಾಗಿಲ ಸಂದಿಗೆ ತೂರಿಸಿ ಬಲವಾಗಿ ಜಗ್ಗಿದ. ಗಾಜು ಒಡೆದು ಝಲ್ಲೆಂದು ಅವನ ಬೂಟಿನ ಸುತ್ತ ಬಿತ್ತು. ಹಾಳೆ ಅರ್ಧ ಹರಿದು ಕೈಗೆ ಬಂತು, ಇನ್ನರ್ಧ ಬೋರ್ಡಿನಲ್ಲೇ ಉಳಿಯಿತು. ಬೆರಳಿನಿಂದ ರಕ್ತ ಸುರಿಯತೊಡಗಿತು.

ಪ್ರೊಫೆಸರಮ್ಮ ಇದು ನಿಮ್ಮ ಒಳಗಿನ ವಿಷಯ ಎಂದು ತೆಲುಗಿನಲ್ಲಿ ಹೇಳಿ, ಶಾಲು ಸರಿಮಾಡಿಕೊಂಡು ಕಾರಿನ ಕಡೆ ನಡೆದುಬಿಟ್ಟಳು.

"ಉಚ್ಚೆಂಗಿ, ಕಸಬರಗಿ ತಗಂಬಾ. ಗಾಜು ಬಳಿ," ಎಂದ ದೊಡ್ಡಬಸವರಾಜ. ದನಿ ಒಡೆದಿತ್ತು.

"ಒಡದೋರು ಬಳೀಲಿ," ಎಂದ ಉಚ್ಚೆಂಗೆಪ್ಪ.

ಊಟದ ಹಾಲಿನಿಂದ ಬಂದಿದ್ದ ನಂದಿನಿ ಗಾಜು ತುಳಿಯುತ್ತ ಮುಂದೆ ಬಂದಳು. ಒಂದು ನೋಟುಬುಕ್ಕಿನ ಮೇಲೆ ಫಾರ್ಮು ಇಟ್ಟು, ಪೆನ್ನಿನ ಮುಚ್ಚಳ ತೆಗೆದು, ಎರಡನ್ನೂ ಅವನ ಎದೆಯ ಮಟ್ಟಕ್ಕೆ ಹಿಡಿದಳು.

"ಸಹಿ ಹಾಕ್ರಿ ಸರ್. ಐದರತನ ಟೈಮೈತಿ."

"ದಾರಿ ಬಿಡ್ರಿ," ಎಂದ ಅವನು. ಯಾರೂ ಬಿಡಲಿಲ್ಲ. ಫಾರ್ಮು ಹಿಡಿದ ಹೊನ್ನೂರಸ್ವಾಮಿ ನಂದಿನಿಯ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬಳು, ಇನ್ನೊಬ್ಬ. ಸಾಲು ಮೆಟ್ಟಿಲವರೆಗೂ ಬೆಳೆಯಿತು. ದೊಡ್ಡಬಸವರಾಜ ಫಾರ್ಮನ್ನು ತಳ್ಳಲು ಕೈ ಚಾಚಿದ. ಬೆರಳಿನ ರಕ್ತ ತೊಟ್ಟಿಕ್ಕಿ, ಮುಖ್ಯಸ್ಥರ ಸಹಿ ಎಂದು ಅಚ್ಚಾದ ಗೆರೆಯ ಮೇಲೆ ಬಿದ್ದು ಹರಡಿತು.

ನಂದಿನಿ ಒಂದು ಗಳಿಗೆ ಅದನ್ನು ನೋಡಿದಳು. ಕಟ್ಟಿನಿಂದ ಇನ್ನೊಂದು ಫಾರ್ಮು ಎಳೆದುಕೊಂಡು, ನಿಂತಲ್ಲೇ ಹೆಸರು, ಊರು, ಅಂಕ ಎಲ್ಲ ತುಂಬಿದಳು. ಅವಳು ಬರೆದು ಮುಗಿಸುವವರೆಗೂ ಆ ಸಾಲಿನಲ್ಲಿ ಯಾರೂ ಅವನನ್ನು ಸರಿಯಲು ಬಿಡಲಿಲ್ಲ.

"ಅದು ಕೆಟ್ಟೋತು ಸರ್," ಎಂದು ಪೆನ್ನನ್ನು ಮತ್ತೆ ಮುಂದೆ ಹಿಡಿದಳು. "ಇದರಾಗ ಹಾಕ್ರಿ."