ಸ್ಟಾಪಿಲ್ಲದ ತಿರುವು

ಜಯಪುರದ ಮೊಬೈಲ್ ಅಂಗಡಿಯ ನಾಹಿದಾ ವರ್ಷಗಟ್ಟಲೆ ಕೂತು, ಕಂಪ್ಯೂಟರಿನ ಬಸ್ ಗೇಮಿನಲ್ಲಿದ್ದ ವಿದೇಶದ ರಸ್ತೆ ತೆಗೆದು ಶೃಂಗೇರಿ ರಸ್ತೆಯನ್ನೇ ಕೂರಿಸಿದ್ದಳು. ಬಸ್ಸೂ ಆ ದಾರಿಯ ಡ್ರೈವರ್ ಧರ್ಮೇಶನದೇ; ನಜ್ಜಾದ ಬಾಗಿಲನ್ನೂ ಬಿಟ್ಟಿರಲಿಲ್ಲ.

ಆಡಲು ಕೂತ ಧರ್ಮೇಶ ಬೆಕ್ಕಸ ಬೆರಗಾದ. ಸ್ಟಾಪಿಲ್ಲದ ತಿರುವಿನಲ್ಲಿ, ಅವನು ದಿನಾ ನಿಲ್ಲಿಸಿ ಹತ್ತಿಸಿಕೊಳ್ಳುವ ಅಜ್ಜಿ ಗಿರಿಯಮ್ಮ ಕೊಡೆ ಅಡ್ಡ ಹಿಡಿದು ನಿಂತಿದ್ದರು.

ತಮಾಷೆಗೆ ನಿಲ್ಲಿಸದೆ ಮುಂದೆ ಹೋದ. ಇಂಜಿನ್ ಆಫಾಯಿತು. ಸ್ಪೀಕರಿನಿಂದ ಗಿರಿಯಮ್ಮನದೇ ದನಿ: "ಎಂತ ಮಾರಾಯ, ಕಣ್ಣು ಕಾಣುದಿಲ್ವಾ ನಿಂಗೆ?"

"ಅವ್ರೇ ಬಂದು ರೆಕಾರ್ಡ್ ಮಾಡ್ಸಿದ್ದು," ಎಂದು ನಾಹಿದಾ ನಕ್ಕಳು.

"ಇದನ್ನ ಯಾರಮ್ಮ ಆಡ್ತಾರೆ?"

"ಇಂಟರ್ನೆಟ್ಟಿಗೆ ಹಾಕಿದ್ದೆ, ಪೋಲೆಂಡಿನವನೊಬ್ಬ ದಿನಾ ಆಡ್ತಾನೆ ಧರ್ಮೇಶಣ್ಣ. ಮೊದ್ಲು ಬೈಸ್ಕೊಂಡ. ಈಗ ಅವ್ನೂ ಅಜ್ಜಿಗೆ ನಿಲ್ಲಿಸ್ತಾನೆ."