ಎಣಿಸದ ಕುರಿಗಳ ಕಾಟಪ್ಪ ತಾತ

ಕಾಟಪ್ಪ ತಾತ ಎಲ್ಲಿಗೇ ಹೊರಡಲಿ, ಯಾರ ಜೊತೆಗೇ ಹೊರಡಲಿ, ಎಲ್ಲರೂ ಮುಂದೆ ಹೋಗುವವರೆಗೆ ನಿಂತು ಕೊನೆಯವನಾಗಿ ನಡೆಯುತ್ತಿದ್ದ. ಮದುವೆಯ ದಿಬ್ಬಣವಾಗಲಿ, ಹೊಳವನಹಳ್ಳಿಯಲ್ಲಿ ಬಸ್ಸು ಹತ್ತುವ ಜನರ ಗುಂಪಾಗಲಿ, ಅವನ ಜಾಗ ಹಿಂದೆಯೇ. ಹತ್ತು ಹೆಜ್ಜೆಗೊಮ್ಮೆ ಕೋಲೂರಿ ನಿಂತು, ಕತ್ತು ತಿರುಗಿಸಿ, ತನ್ನ ಹಿಂದೆ ಯಾರೂ ಇಲ್ಲವೆಂದು ಗೊತ್ತಿದ್ದೂ ಒಮ್ಮೆ ನೋಡಿ, ಆಮೇಲೆ ಮುಂದಿನ ಹೆಜ್ಜೆ ಇಡುತ್ತಿದ್ದ. ಬಾಲ್ಯದಿಂದ ಕುರಿಗಳ ಹಿಂದೆ ನಡೆದ ಆ ಕಾಲುಗಳಿಗೆ ಮನುಷ್ಯರ ಮುಂದೆ ನಡೆಯುವುದು ತಿಳಿಯುತ್ತಿರಲಿಲ್ಲವೇನೋ. ಅವನ ನಿಧಾನಕ್ಕೆ ಬಸ್ಸೇ ಎರಡು ಸಲ ತಪ್ಪಿದ್ದುಂಟು. "ಹೋಗ್ಲಿ ಬುಡು, ಹೋದೋರೆಲ್ಲ ಕ್ಷೇಮವಾಗಿ ಹೋದ್ರಲ್ಲ" ಎಂದು ನಡೆದೇ ಹಟ್ಟಿಗೆ ಬಂದಿದ್ದ.

ಅವನಿಗೊಂದು ಖಾಕಿ ಕೋಟು ಇತ್ತು. ಫಾರೆಸ್ಟ್ ಗಾರ್ಡ್ ಆಗಿದ್ದ ಷಡ್ಡಕ ಕೊಟ್ಟದ್ದು. ಕಚೇರಿ ಕೆಲಸವಿದ್ದ ದಿನ ಮಾತ್ರ ಅದನ್ನು ತೊಟ್ಟು, ಮೇಲಿನ ಒಂದೇ ಗುಂಡಿ ಹಾಕಿ, ಅದರ ಮೇಲೆ ಕಂಬಳಿ ಹೊದೆಯುತ್ತಿದ್ದ. ದಿನ ತೊಡುವ ಅಂಗಿಯ ಬಲಗಡೆ ಜೇಬಿನಲ್ಲಿ ಯಾವಾಗಲೂ ಕುರಿಗಳಿಗೆಂದು ಹರಳುಪ್ಪು. ನೆಕ್ಕಿ ನೆಕ್ಕಿ ಆ ಜೇಬಿನ ಅಂಚು ನಾರಾಗಿ ಹೋಗಿತ್ತು. ಯಾರಾದರೂ ಉತ್ತರ ಹೊಳೆಯದ ಮಾತು ಕೇಳಿದರೆ ತಾತ ಒಂದು ಹರಳು ತೆಗೆದು ತನ್ನ ಬಾಯಿಗೇ ಹಾಕಿಕೊಳ್ಳುತ್ತಿದ್ದ. ಆ ಉಪ್ಪು ಕರಗುವವರೆಗೆ ಕೇಳಿದವರು ಕಾಯಬೇಕಿತ್ತು.

ನಮ್ಮ ಕಾರೆಹಟ್ಟಿಯ ಇಪ್ಪತ್ತು ಮನೆಯ ಕುರಿಗಳೂ ಅವನ ಒಂದೇ ಮಂದೆಯಲ್ಲಿ ಮೇಯುತ್ತಿದ್ದವು. ಆದರೆ ಅವನು ಅವನ್ನು ಎಂದೂ ಎಣಿಸಿದವನಲ್ಲ. ಎಣಿಸಿದರೆ ದೃಷ್ಟಿಯಾಗುತ್ತದೆ ಎಂಬುದು ಅವನ ಅಪ್ಪ ಹೇಳಿಕೊಟ್ಟ ಮಾತು. ಸಂಜೆ ಕುರಿಗಳು ರೊಪ್ಪಕ್ಕೆ ನುಗ್ಗುವಾಗ ಬಾಗಿಲಲ್ಲಿ ನಿಂತು ಒಂದೊಂದರ ಮುಖವನ್ನೂ ನೋಡುತ್ತಿದ್ದ, ಅಷ್ಟೇ. ಕಡಿಮೆಯಾದರೆ ಎಷ್ಟು ಕಡಿಮೆ ಎಂದು ಹೇಳುತ್ತಿರಲಿಲ್ಲ. "ಮೋಟುಕಿವಿ ಬಂದಿಲ್ಲ" ಎನ್ನುತ್ತಿದ್ದ. ಹುಡುಕಿಕೊಂಡು ಹೋದರೆ ಮೋಟುಕಿವಿಯೇ ಸಿಗುತ್ತಿತ್ತು.

ಮಂಡಲ ಪಂಚಾಯಿತಿ ಚುನಾವಣೆಯಾದ ಮಾರನೆಯ ವರ್ಷ, ಎಂಬತ್ತೆಂಟರಲ್ಲಿ, ಸೌದೆ ಕರೆಂಟಿನ ಮಾತು ಬಂತು. ಮರದ ತುಂಡುಗಳನ್ನು ಒಂದು ಕೊಳವೆಯಂಥ ಒಲೆಯಲ್ಲಿ ಉರಿಸಿ, ಅದರ ಹೊಗೆಯಿಂದ ಇಂಜಿನ್ ಓಡಿಸಿ, ಹಟ್ಟಿಗೆ ದೀಪ, ಬೋರ್‌ವೆಲ್ಲಿಗೆ ಪಂಪು, ಹಿಟ್ಟಿನ ಗಿರಣಿ ಎಲ್ಲ ಕೊಡುತ್ತಾರೆಂದು ಸುದ್ದಿ. ಸೌದೆಗಾಗಿ ನಮ್ಮ ಗೋಮಾಳದ ಅರವತ್ತು ಎಕರೆಗೂ ಬೇಲಿ ಹಾಕಿ ನೀಲಗಿರಿ ನೆಡುವುದೆಂದೂ, ಆಮೇಲೆ ಒಳಗೆ ಕುರಿ ಬಿಡುವಂತಿಲ್ಲವೆಂದೂ ಅದರ ಹಿಂದೆಯೇ ಇನ್ನೊಂದು ಸುದ್ದಿ.

ಹಟ್ಟಿ ಎರಡಾಯಿತು. ತಾತನ ಮನೆಯೇ ಮೊದಲು ಎರಡಾಯಿತು. ಅವನ ಸೊಸೆ ಜುಂಜಮ್ಮ ವಾರಕ್ಕೊಮ್ಮೆ ರಾಗಿ ಚೀಲ ಹೊತ್ತು ಮೂರು ಮೈಲಿ ನಡೆದು ಗಿರಣಿಗೆ ಹೋಗಿ ಬರುವವಳು.

"ಮಾವ, ನಿಮ್ ಕುರಿಗೆ ನಾಲ್ಕು ಕಾಲವೆ. ದೂರ ಹೋಗಿ ಮೇಯ್ತವೆ. ನನ್ ತಲೆ ಮ್ಯಾಲಿನ ಚೀಲಕ್ಕೆ ಕಾಲು ಎಲ್ಲವೆ?" ಎಂದು ಅಂಗಳದಲ್ಲಿ ನಿಂತು ಕೇಳಿದಳು.

"ಅದೂ ನಿಜ ಕಣಮ್ಮ" ಎಂದ ತಾತ.

ಅದೇ ದಿನ ಗೋಮಾಳ ಬಿಡಬಾರದೆಂದು ಹೇಳಲು ಬಂದ ನಾಲ್ಕು ಜನರಿಗೂ "ಇದೂ ನಿಜವೇ" ಎಂದ. ಅವರು ಸಿಟ್ಟಾಗಿ, "ಲೇ ಕಾಟಪ್ಪ, ನೀನು ಯಾವ ಕಡೆ ಹೇಳ್ಲಾ" ಎಂದರು. ತಾತ ಉಪ್ಪಿನ ಹರಳು ಬಾಯಿಗೆ ಹಾಕಿಕೊಂಡ. ಅವನು ಜಾರಿಕೊಳ್ಳುತ್ತಿದ್ದಾನೆಂದು ಆಗ ಎಲ್ಲರೂ ತಿಳಿದರು, ನಾನೂ ತಿಳಿದೆ. ಅವನಿಗೆ ಎರಡೂ ನಿಜವಾಗಿ ಕಾಣುತ್ತಿದ್ದವು ಎಂದು ಯಾರಿಗೂ ಹೊಳೆಯಲಿಲ್ಲ.

ನಮ್ಮ ಒಂದೇ ಕೋಣೆಯ ಶಾಲೆಯಲ್ಲಿ ಸಭೆ ಸೇರಿತು. ಪರವಾಗಿದ್ದವರು ಕಿಟಕಿಯ ಕಡೆ, ವಿರೋಧವಿದ್ದವರು ಕರಿಹಲಗೆಯ ಕಡೆ ಕೂತರು. ತಾತ ಎಲ್ಲರನ್ನೂ ಒಳಗೆ ಕಳಿಸಿ ಹೊಸ್ತಿಲಲ್ಲಿ ನಿಂತ. ಪಂಚಾಯಿತಿಯ ಪ್ರಧಾನರಾದ ಮಹಾಲಿಂಗಯ್ಯನವರ ಪಕ್ಕದಲ್ಲಿ ತುಮಕೂರಿನಿಂದ ಬಂದ ಇಂಜಿನಿಯರು ಕೂತು ವರದಿ ಓದಿದರು. ಅದರಲ್ಲಿ ಗೋಮಾಳ 'ಖಾಲಿ' ಎಂದು ಬರೆದಿತ್ತು.

ಅದು ಹೇಗೆ ಬಂತೆಂದು ನಮಗೆಲ್ಲ ಗೊತ್ತಿತ್ತು. ಬೇಸಿಗೆಯಲ್ಲಿ ಸರ್ವೆಯವರು ಬಂದಾಗ ಕುರಿಗಳನ್ನು ಗೊಬ್ಬರಕ್ಕೆಂದು ದೂರದ ಹೊಲಗಳಲ್ಲಿ ತಂಗಿಸಿದ್ದೆವು. ಎಷ್ಟು ಕುರಿ ಇವೆ ಎಂದು ಕೇಳಿದ್ದಕ್ಕೆ ತಾತ "ಅವೆ ಸ್ವಾಮಿ" ಎಂದಿದ್ದ. ಎಷ್ಟು ಎಂದು ಮತ್ತೆ ಕೇಳಿದ್ದಕ್ಕೆ "ದೇವ್ರು ಕೊಟ್ಟಷ್ಟವೆ" ಎಂದಿದ್ದ. ಅಷ್ಟನ್ನು ಬರೆಯಲು ಅವರ ಕಾಗದದಲ್ಲಿ ಜಾಗವಿರಲಿಲ್ಲ.

"ಖಾಲಿ ಅಲ್ಲ ಸ್ವಾಮಿ" ಎಂದ ತಾತ ಹೊಸ್ತಿಲಿನಿಂದ.

"ಹಾಗಾದರೆ ಎಷ್ಟು ಕುರಿ ಮೇಯುತ್ತವೆ ಹೇಳಿ, ಬರೆದುಕೊಳ್ಳುತ್ತೇನೆ" ಎಂದರು ಇಂಜಿನಿಯರು. ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಪೆನ್ನಿನ ಟೋಪಿ ತೆಗೆದು ಕಾದರು. ತಾತನ ಬಾಯಲ್ಲಿ ಉಪ್ಪು ಕರಗಿತು, ಅವನು ಇನ್ನೊಂದು ಹರಳು ತೆಗೆದ. ಮಹಾಲಿಂಗಯ್ಯನವರು ತಲೆಯ ಮೇಲೆ ಕೈಯಿಟ್ಟು, "ಒಂದು ನಂಬರ್ ಹೇಳಕ್ಕೆ ಪಂಚಾಂಗ ನೋಡ್ಬೇಕೇನಯ್ಯ? ಬರೋ ಸೋಮವಾರ ಹೇಳು. ಇಲ್ಲಾಂದ್ರೆ ಖಾಲಿ ಅಂತಲೇ ಹೋಗ್ತದೆ" ಎಂದರು.

ಆ ವಾರ ತಾತ ಊಟ ಸರಿಯಾಗಿ ಮಾಡಲಿಲ್ಲವೆಂದು ಜುಂಜಮ್ಮನೇ ನಮ್ಮ ಮನೆಗೆ ಬಂದು ಹೇಳಿದಳು. "ಸುಮ್ನೆ ಒಂದು ನೂರೋ ಇನ್ನೂರೋ ಅಂದ್ಬುಡಿ ಅಂದೆ. ಸುಳ್ಳು ಹೇಳಿದ್ರೆ ಕುರಿಗೆ ಅವಮಾನ, ಎಣಿಸಿ ನಿಜ ಹೇಳಿದ್ರೆ ಕುರಿಗೆ ಕೇಡು ಅಂತಾರೆ. ಈ ಮನುಷ್ಯಂಗೆ ಹೆಂಗೆ ಬುದ್ಧಿ ಹೇಳದು?" ಎಂದಳು. ಅವಳಿಗೆ ಗಿರಣಿ ಬೇಕಿತ್ತು. ಮಾವ ಸೋಲುವುದು ಬೇಕಿರಲಿಲ್ಲ. ಇವೆರಡೂ ಹೇಗೆ ಕೂಡುತ್ತವೆಂದು ಅವಳಿಗೂ ತಿಳಿದಿರಲಿಲ್ಲ.

ಸೋಮವಾರ ತಾತ ಕೋಟು ತೊಟ್ಟು ಬಂದ. ಆ ದಿನ ಹೊಸ್ತಿಲು ದಾಟಿ ಒಳಗೆ ಬಂದದ್ದೇ ಒಂದು ಆಶ್ಚರ್ಯ. "ನಾನು ಎಣಿಸಾಕಿಲ್ಲ ಸ್ವಾಮಿ. ಯಾರ್ಯಾರು ಅಂತ ಹೇಳ್ತೀನಿ. ಒಬ್ಬೊಬ್ರಿಗೂ ಒಂದು ಗೆರೆ ಎಳ್ಕಳ್ಳಿ" ಎಂದ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಈ ಮಗು ಎಳೀಲಿ. ನಿಧಾನದ್ದು, ಯಾರ್ನೂ ಬಿಡಾಕಿಲ್ಲ" ಎಂದ. ನಾನು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಮನೆಯಲ್ಲಿದ್ದವಳು, ಅಷ್ಟು ಜನರ ಮುಂದೆ ಎದ್ದು ನಿಂತವಳೇ ಅಲ್ಲ. ಹೇಗೋ ಹೋಗಿ ಕೂತು ಸೀಸದ ಕಡ್ಡಿ ಹಿಡಿದೆ.

ತಾತ ಕಣ್ಣು ಮುಚ್ಚಿಕೊಂಡ. ರೊಪ್ಪದ ಬಾಗಿಲಲ್ಲಿ ನಿಂತವನಂತೆ ನಿಂತು ಹೇಳತೊಡಗಿದ. ಕರಿಮೋರೆ. ಕರಿಮೋರೆಯ ಮಗಳು. ಮೋಟುಕಿವಿ. ಬೂದಿ. ಶಿರಾ ಸಂತೆಯಿಂದ ತಂದವಳು. ಅವಳ ಜೊತೆಗೆ ಬಂದ ಕುಂಟಿ. ವಕೀಲ.

"ವಕೀಲನೆ?" ಎಂದರು ಇಂಜಿನಿಯರು.

"ಟಗರು ಸ್ವಾಮಿ. ಮೇಯದು ನಮ್ದು, ಅರಚದು ಪಕ್ಕದ ಮಂದೆ ಪರ."

ಶಾಲೆಯೆಲ್ಲ ನಕ್ಕಿತು. ಮಧುಗಿರಿ ಕೋರ್ಟಿಗೆ ಹತ್ತು ವರ್ಷ ಅಲೆದಿದ್ದ ಮಹಾಲಿಂಗಯ್ಯನವರು ಎಲ್ಲರಿಗಿಂತ ಜೋರಾಗಿ ನಕ್ಕರು. ತಾತ ನಗಲಿಲ್ಲ, ಮುಂದಿನದಕ್ಕೆ ಹೋದ. ಹೆಸರು ಹೆಚ್ಚಿದಂತೆ ನಗೆ ಇಳಿಯಿತು. ಹಣೆಬೊಟ್ಟು, ಎರಡು ಮರಿಯಾಕೆ, ನಾಯಿ ಹಿಡಿದು ಉಳಿದವಳು, ತಾಯಿ ಸತ್ತದ್ದು. ಕಿಟಕಿಯ ಕಡೆಯವರ ಕುರಿಗಳೂ ಬಂದವು, ಕರಿಹಲಗೆಯ ಕಡೆಯವರ ಕುರಿಗಳೂ ಬಂದವು. ತಮ್ಮದು ಬಂದಾಗ ಅವರವರು ಸುಮ್ಮನೆ ತಲೆಯಾಡಿಸಿದರು.

ಕೊನೆಗೆ ತಾತ ಕಣ್ಣು ತೆರೆದು "ಇಷ್ಟು ಜನ" ಎಂದ.

ಹೆಂಗಸರ ನಡುವಿನಿಂದ ಜುಂಜಮ್ಮ ಎದ್ದಳು. ತುಂಬಿದ ಸಭೆಯಲ್ಲಿ ಸೊಸೆ ಮಾವನಿಗೆ ದನಿಯೆತ್ತುವುದನ್ನು ನಮ್ಮ ಹಟ್ಟಿ ಕಂಡಿರಲಿಲ್ಲ. "ನನ್ ಚಂದ್ರೀನ ಬುಟ್ರಲ್ಲ ಮಾವ! ನಮ್ಮಪ್ಪ ಕೊಟ್ಟ ಕುರಿ!"

"ಮರೆತಿಲ್ಲ ಕಣಮ್ಮ. ನೀನು ಮಿಷಿನ್ ಕಡೆಯೋಳು. ನಿನ್ನ ಕೇಳದೆ ಹೆಂಗೆ ಹೇಳ್ಲಿ?"

ಜುಂಜಮ್ಮ ಸೆರಗು ಬಿಗಿದು, "ಮಿಷಿನ್ನೂ ಬೇಕು. ಚಂದ್ರೀನೂ ಬರ್ಕೊಳ್ಳಿ" ಎಂದಳು. ನಾನು ಗೆರೆ ಎಳೆದೆ.

ಇಂಜಿನಿಯರು ಕಾಗದ ಕೈಗೆ ತೆಗೆದುಕೊಂಡು ಬೆರಳಿಟ್ಟು ಎಣಿಸಲು ಶುರುಮಾಡಿದರು. ತಾತ ಕಂಬಳಿಯನ್ನು ಎರಡು ಕಿವಿಗೂ ಒತ್ತಿಕೊಂಡು ಹೊರಗೆ ನಡೆದ. ಅವತ್ತು ಮಾತ್ರ ಅವನು ಎಲ್ಲರಿಗಿಂತ ಮೊದಲು ಹೊರಟ. ಆ ಒಟ್ಟು ಎಷ್ಟೆಂದು ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ.

'ಖಾಲಿ' ಎಂಬ ಮಾತನ್ನು ಹೊಡೆದುಹಾಕಿದರು. ಮೂವತ್ತು ಎಕರೆ ನೀಲಗಿರಿಗೆ, ಮೂವತ್ತು ಎಕರೆ ಕುರಿಗೆ ಎಂದು ತೀರ್ಮಾನವಾಯಿತು. ಎರಡು ಕಡೆಯವರೂ ತಾವು ಗೆದ್ದೆವೆಂದು ಒಂದು ದಿನ, ಸೋತೆವೆಂದು ಒಂದು ದಿನ ಹೇಳುತ್ತ ಬಂದರು. ಮಿಷಿನ್ನಿನ ಷೆಡ್ಡು ಎದ್ದಿದೆ, ಮಿಷಿನ್ನು ಇನ್ನೂ ಬಂದಿಲ್ಲ. ಜುಂಜಮ್ಮ ಈಗಲೂ ಚೀಲ ಹೊತ್ತು ನಡೆಯುತ್ತಾಳೆ.

ಆ ಮಳೆಗಾಲದಲ್ಲಿ ಕುರಿಗಳಿಗೆ ರೋಗ ಬಂತು. ಎಣಿಸಿದ್ದಕ್ಕೆ ಹೀಗಾಯಿತೆಂದು ಕೆಲವರು, ಉಳಿದಷ್ಟೇ ಜಾಗದಲ್ಲಿ ಒತ್ತೊತ್ತಾಗಿ ಮೇಯ್ದು ಹೀಗಾಯಿತೆಂದು ಕೆಲವರು, ಯಾವ ವರ್ಷ ರೋಗ ಬಂದಿಲ್ಲವೆಂದು ಇನ್ನು ಕೆಲವರು. ನನಗೆ ಯಾವುದೂ ಸುಳ್ಳೆನಿಸಲಿಲ್ಲ, ಯಾವುದೂ ಪೂರ್ತಿ ನಿಜವೆನಿಸಲೂ ಇಲ್ಲ. ಒಂದು ಸಂಜೆ ಧೈರ್ಯ ಮಾಡಿ ರೊಪ್ಪದ ಹತ್ತಿರ ಹೋಗಿ, "ತಾತ, ನಾನು ಗೆರೆ ಎಳೆದದ್ದಕ್ಕಾ?" ಎಂದು ಕೇಳಿದೆ.

ತಾತ ಜೇಬಿಗೆ ಕೈ ಹಾಕಿದ. ಒಂದು ಹರಳು ತಾನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನ್ನ ಅಂಗೈಗೆ ಇಟ್ಟ. ಉಪ್ಪು ಕರಗಿದ ಮೇಲೆ, "ಗೊತ್ತಿಲ್ಲ ಕಣವ್ವ" ಎಂದ. "ಹೇಳದಿದ್ರೆ ಎಲ್ಲಾ ಖಾಲಿ ಆಗ್ತಿದ್ವು. ಹೇಳಿದ್ಮೇಲೆ ವಕೀಲ ಬರ್ಲಿಲ್ಲ, ಬೂದಿ ಬರ್ಲಿಲ್ಲ." ಆಮೇಲೆ, "ಆ ಮಿಷಿನ್ನು ಯಾವಾಗ ಬರ್ತದಂತೆ? ನಮ್ ಜುಂಜಿ ಕತ್ತು ಬಗ್ಗೋಯ್ತು" ಎಂದು ಕೇಳಿದ.

ಊರಿನ ಜಗಳಗಳಲ್ಲಿ ಕೂರಲು ಎರಡೇ ಕಡೆ ಇರುತ್ತವೆ. ಹೊಸ್ತಿಲಲ್ಲಿ ನಿಂತವರನ್ನು ಪುಕ್ಕಲರೆಂದು ಬರೆದುಕೊಳ್ಳುವುದು ಸುಲಭ, ನಾನೂ ಹಾಗೆ ಬರೆದುಕೊಂಡಿದ್ದೆ. ಆದರೆ ಎಲ್ಲ ಊರಿನಲ್ಲೂ ಹಿಂದೆ ನಡೆಯುವ ಒಬ್ಬಿಬ್ಬರು ಇರುತ್ತಾರೆ. ದಾರಿ ಯಾವುದೆಂದು ಅವರು ತೋರಿಸಲಾರರು. ನೀನು ಪರವೋ ವಿರೋಧವೋ ಎಂದು ಕೇಳಿದರೆ ಅವರ ಬಾಯಲ್ಲಿ ಉಪ್ಪು ಕರಗುತ್ತಲೇ ಇರುತ್ತದೆ. ಯಾರು ಇನ್ನೂ ಬಂದಿಲ್ಲ ಎಂದು ಕೇಳಿದರೆ ಮಾತ್ರ ಅವರು ತಡಮಾಡದೆ ಹೇಳುತ್ತಾರೆ.