ಎಡಗಣ್ಣಿನ ಪಕ್ಕದ ಬರೆ

ಕೇಳದೆ ಫೋಟೊದಲ್ಲಿ ಒಬ್ಬಳ ಮುಖದ ಕಲೆ ಒರೆಸಿಬಿಟ್ಟೆನಲ್ಲ ಎಂಬ ಚಿಂತೆ ಪ್ರಜ್ಞಾಳಿಗೆ ಹತ್ತಿಕೊಂಡು ಮೂರು ದಿನವಾಗಿತ್ತು. ದಿನಚರಿಯಲ್ಲಿ ಬರೆಯಲು ಕೂತವಳು ‘ಸುರೇಖಾ’ ಎಂಬ ಹೆಸರಿನವರೆಗೆ ಬಂದು ಪೆನ್ನು ಮುಚ್ಚಿಟ್ಟಿದ್ದಳು. ಇಷ್ಟು ಸಣ್ಣದಕ್ಕೆ ಯಾರಾದರೂ ಹೆದರುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡಿದ್ದಳು. ಆದರೆ ಸುರೇಖಾ ತೀರಿಕೊಂಡಳೆಂಬ ಸುದ್ದಿ ಮೂರು ದಿನದ ಹಿಂದೆ ಬಂದ ಮೇಲೆ ಅದು ಸಣ್ಣದಾಗಿ ಉಳಿದಿರಲಿಲ್ಲ.

ಬಿ.ಕಾಂ. ಮುಗಿಸಿದ ಪ್ರಜ್ಞಾ ಇಂಡಿ ಪಟ್ಟಣದಲ್ಲಿ ಗುರುನಾಥನ ಸ್ಟುಡಿಯೋದಲ್ಲಿ ಫೋಟೊ ಎಡಿಟಿಂಗ್ ಮಾಡುತ್ತಿದ್ದಳು. ಇಡೀ ದಿನ ಕಂಪ್ಯೂಟರಿನ ಮುಂದೆ ಕೂತಿದ್ದರಾಯಿತು, ಯಾರೊಂದಿಗೂ ಮಾತಾಡಬೇಕಿಲ್ಲ. ಆ ಕೆಲಸಕ್ಕೆ ಸೇರಿದ್ದೇ ಅದಕ್ಕಾಗಿ. ಕಳೆದ ಬೇಸಿಗೆಯಲ್ಲಿ ಹೊರ್ತಿಯ ಸುರೇಖಾಳ ಮದುವೆಯ ಆರುನೂರ ಮೂವತ್ತು ಫೋಟೊಗಳು ಅವಳ ಕೈಗೆ ಬಂದಿದ್ದವು. ಮದುಮಗಳನ್ನು ಅವಳು ಕಣ್ಣಾರೆ ಕಂಡವಳಲ್ಲ. ಫೋಟೊದಲ್ಲಿ ಕಂಡದ್ದು, ಎಡಗಣ್ಣಿನ ಪಕ್ಕ ತೊಗರಿ ಕಾಳಿನಷ್ಟು ಸುಟ್ಟ ಕಲೆ. ಪ್ರಜ್ಞಾ ಒಂದು ಫೋಟೊ ತೆಗೆದುಕೊಂಡು ಆ ಮುಖಕ್ಕೆ ಮಾಸ್ಕ್ ಹಾಕಿದಳು. ಮಾಸ್ಕ್ ಹಾಕಿದರೆ ಅಷ್ಟು ಜಾಗ ಮಾತ್ರ ಬದಲಾಗುತ್ತದೆ, ಉಳಿದದ್ದು ಇದ್ದಂತೆಯೇ ಇರುತ್ತದೆ. ಚರ್ಮ ನುಣುಪಾಯಿತು, ಕಲೆ ಹೋಯಿತು. ಅದನ್ನೇ ಕಾಪಿ ಮಾಡಿ, ಎಲ್ಲ ಫೋಟೊ ಸೆಲೆಕ್ಟ್ ಮಾಡಿ, ಪೇಸ್ಟ್ ಒತ್ತಿದಳು. ಒಂದೊಂದು ಫೋಟೊದಲ್ಲೂ ಆ ಮುಖವನ್ನು ಸಾಫ್ಟ್‌ವೇರ್ ತಾನೇ ಹುಡುಕಿಕೊಂಡು ಹೋಯಿತು. ಅವಳು ಚಹಾ ಕುಡಿದು ಬರುವಷ್ಟರಲ್ಲಿ ಆರುನೂರ ಮೂವತ್ತರಲ್ಲೂ ಕಲೆ ಇರಲಿಲ್ಲ.

“ಛಲೋ ಬಂದೈತಿ” ಎಂದಿದ್ದ ಗುರುನಾಥ. ಮದುವೆಗೆ ಹೋಗಿದ್ದವನು ಸಿಂದಗಿಯಿಂದ ಕರೆಸಿದ ಕ್ಯಾಮೆರಾಮನ್. ಹಾಗಾಗಿ ಕಲೆ ಇದ್ದದ್ದೇ ಗುರುನಾಥನಿಗೆ ಗೊತ್ತಿರಲಿಲ್ಲ. ಆಲ್ಬಮ್ ಮುದ್ದೇಬಿಹಾಳದ ಬೀಗರ ಮನೆ ಸೇರಿತು. ಮುಂದಿನ ಮದುವೆಯ ಫೋಟೊಗಳಿಗೆ ಜಾಗ ಬೇಕೆಂದು ಮೂಲ ಫೋಟೊಗಳನ್ನು ಅಳಿಸಿಬಿಡುವುದು ಸ್ಟುಡಿಯೋದ ರೂಢಿ. ಅವನ್ನು ಅಳಿಸಿದವಳೂ ಪ್ರಜ್ಞಾಳೇ; ತಿದ್ದಿದವು ಮಾತ್ರ ಕಂಪ್ಯೂಟರಿನಲ್ಲಿ ಉಳಿದವು.

ಮದುವೆಯಾದ ಎಂಟು ತಿಂಗಳಿಗೆ ಸುರೇಖಾ ಕಾಮಾಲೆಯಿಂದ ತೀರಿಕೊಂಡಳು.

ಈಗ ಅವಳ ತಾಯಿ ಚಂದವ್ವ ಪ್ರಜ್ಞಾಳ ಪಕ್ಕದ ಸ್ಟೂಲಿನ ಮೇಲೆ ಕೂತು ಪರದೆಯನ್ನೇ ನೋಡುತ್ತಿದ್ದಳು. ಹಿಂದೆ ಚಂದವ್ವನ ತಮ್ಮ ರೇವಣಪ್ಪ ನಿಂತಿದ್ದ.

“ಹನ್ನೊಂದನೇ ದಿನಕ್ಕ ಕಟ್ಟು ಹಾಕಿಸಿ ಇಡಬೇಕು. ಒಂದು ಛಲೋದು ತಗೀರಿ” ಎಂದ ಅವನು.

ಪ್ರಜ್ಞಾ ಒಂದೊಂದೇ ಫೋಟೊ ಮುಂದೆ ಸರಿಸಿದಳು.

“ಇದಲ್ಲ ಯವ್ವಾ, ಮುಂದಿಂದು” ಎಂದಳು ಚಂದವ್ವ. ಸ್ವಲ್ಪ ಹೊತ್ತಿಗೆ, “ಇದೂ ಅಲ್ಲ.”

ನಲವತ್ತು ದಾಟಿದ ಮೇಲೆ ರೇವಣಪ್ಪನಿಗೆ ಬೇಸರ ಬಂತು. “ಅಕ್ಕಾ, ಎಲ್ಲಾದ್ರಾಗೂ ಆಕೀನ ಅದಾಳ. ಮತ್ತ್ಯಾರನ್ನ ಹುಡುಕಾಕತ್ತಿ?”

“ಆಕೀ ಕಣ್ಣಿನ ಬಾಜೂಕಿನ ಬರಿ ಎಲ್ಲೈತೋ?” ಎಂದಳು ಚಂದವ್ವ.

ತಾಯಿ ಮಗಳು ತಬ್ಬಿಕೊಂಡು ನಿಂತ ಫೋಟೊ ಬಂತು. ಹೋಲಿಕೆ ಬಹಳ ಇದ್ದುದರಿಂದ ಸಾಫ್ಟ್‌ವೇರ್ ತಾಯಿಯ ಮುಖವನ್ನೂ ಮಗಳದೆಂದು ತಿಳಿದಿತ್ತು. ಚಂದವ್ವನ ಮುಖದಲ್ಲಿ ಒಂದೂ ಸುಕ್ಕು ಇರಲಿಲ್ಲ.

“ನೋಡಿಲ್ಲಿ, ನಿನಗೂ ಇಸ್ತ್ರಿ ಹೊಡದಾರ. ಮಗಳ ಬಾಜೂಕ ತಂಗಿ ನಿಂತಂಗ ಕಾಣ್ತಿ” ಎಂದ ರೇವಣಪ್ಪ. ಯಾರೂ ನಗಲಿಲ್ಲ. ಅವನೇ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ.

“ಮೂರು ತಿಂಗಳ ಕೂಸಿದ್ದಾಗ ಸೆಳವು ಬಂದಿತ್ತು ಯವ್ವಾ” ಎಂದು ಚಂದವ್ವ ಪ್ರಜ್ಞಾಳತ್ತ ತಿರುಗಿದಳು. “ಮೈಯೆಲ್ಲಾ ಸೆಟದ, ಕಣ್ಣು ಮ್ಯಾಲ ಹೋಗಿದ್ವು. ಅರಿಷಿಣ ಬೇರು ಸುಟ್ಟು ನನ್ನ ಕೈಲೇನ ಬರಿ ಕೊಟ್ಟೆ. ಚೀರಿ ಅತ್ತಳು. ಅತ್ತಳಲ್ಲಾ, ಉಳದ್ಲು ಅಂತ ನಾ ನಕ್ಕೆ. ಆ ಬರಿ ಇಲ್ಲದಿದ್ರ ಇದು ಯಾರ ಮುಖ? ಇದ್ದದ್ದು ಕೊಡು ಯವ್ವಾ.”

ಇದ್ದದ್ದು ಇರಲಿಲ್ಲ. ಅಳಿಸಿದ್ದು ತಾನೇ ಎಂದು ಹೇಳಿದರೆ ಪ್ರಜ್ಞಾಳ ಕೆಲಸ ಹೋಗುತ್ತದೆ. ಅದಕ್ಕಿಂತ ದೊಡ್ಡದು, ಈ ಹೆಂಗಸಿನ ಕಣ್ಣಿಗೆ ಕಣ್ಣು ಕೊಟ್ಟು ಹೇಳಬೇಕು.

ಗಿರಾಕಿಯನ್ನು ಸಾಗಹಾಕಿ ಬಂದ ಗುರುನಾಥ ಅರ್ಧ ಮಾತು ಕೇಳಿಸಿಕೊಂಡಿದ್ದ. ಊರಲ್ಲಿ ಹೆಸರು ಕೆಟ್ಟೀತೆಂದು ಅವನಿಗೆ ದಿಗಿಲು. “ಹಂಗಲ್ರಿ ಯಮ್ಮಾ, ನಾವಾಗಿ ತಗೀತೇವೇನ್ರಿ? ನಿಮ್ಮ ಮಗಳು ತಾನ ಫೋನ್ ಮಾಡಿ ಹೇಳಿದ್ದಳು. ಆ ಕಲಿ ಬ್ಯಾಡ, ತಗದಬಿಡ್ರಿ ಅಂತ.”

ಚಂದವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

“ಹಂಗಂದ್ಲಾ?” ಎಂದಳು. “ಇಪ್ಪತ್ತಮೂರು ವರ್ಷದಾಗ ಒಂದು ದಿನಾನೂ ನನಗ ಅನ್ಲಿಲ್ಲಲ್ಲೋ. ಕನ್ನಡಿ ಮುಂದ ನಿಂತಾಗೆಲ್ಲ ಅವ್ವ ಸುಟ್ಟಾಳ ಅಂತಿದ್ಲೇನೋ. ಆ ಸಿಟ್ಟು ಹೊಟ್ಟ್ಯಾಗ ಇಟಗೊಂಡ ಹೋದ್ಲೇನೋ ನನ್ನ ಮಗಳು.”

“ಬಿಡ ಅಕ್ಕಾ. ಇದರಾಗ ಯಾವುದರ ಒಂದು ಆರಸು.”

“ಆಕಿಗೆ ಬ್ಯಾಡಾಗಿದ್ದು ನನಗ್ಯಾಕ? ಇದನ್ನ ಕೊಡು.” ಚಂದವ್ವ ಪರದೆ ನೋಡದೆಯೇ ಬೆರಳು ತೋರಿಸಿ ಎದ್ದಳು.

ಪ್ರಿಂಟ್ ಒತ್ತುವಂತೆ ಗುರುನಾಥ ಕಣ್ಣಲ್ಲೇ ಹೇಳಿದ. ಒತ್ತಿದ್ದರೆ ಎರಡು ನಿಮಿಷದ ಕೆಲಸ; ಅಕ್ಕ ತಮ್ಮ ಹೊರ್ತಿಯ ಟೆಂಪೊ ಹತ್ತುತ್ತಿದ್ದರು. ಪ್ರಜ್ಞಾ ಮೌಸ್ ಬಿಟ್ಟು ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಮೂವರೂ ಅವಳತ್ತ ನೋಡಿದರು.

“ಆಕಿ ಏನೂ ಹೇಳಿಲ್ರಿ ಯಮ್ಮಾ. ಯಾರೂ ಹೇಳಿಲ್ಲ. ನಾನ ಅಳಿಸೇನಿ.”